ಪಠ್ಯಪುಸ್ತಕದ ನಡುವೆ ಉಳಿದ ಪತ್ರ

ಐಸಿಸ್ ಹೆಣ್ಣುಮಕ್ಕಳನ್ನು ಅಂತರ್ಜಾಲದಲ್ಲಿ ಹೇಗೆ ಸೆಳೆಯಿತು ಎಂದು ದಾಖಲೆಗಳಲ್ಲಿ ಹುಡುಕಲು ಕೂತಾಗ ತಲೆಯಲ್ಲಿದ್ದದ್ದು ‘ಶಾಮಿ ವಿಟ್ನೆಸ್’. 17,000ಕ್ಕೂ ಹೆಚ್ಚು ಹಿಂಬಾಲಕರಿದ್ದ ಆ ಐಸಿಸ್ ಪರ ಟ್ವಿಟರ್ ಖಾತೆ ನಡೆಯುತ್ತಿದ್ದುದು ನಮ್ಮ ಬೆಂಗಳೂರಿನಿಂದ ಎಂಬುದನ್ನು 2014ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ಬಯಲು ಮಾಡಿತ್ತು. ಅಂಥ ದೊಡ್ಡ ಗಂಟಲನ್ನೇ ಲಂಡನ್ನಿನ ಬೆತ್ನಲ್ ಗ್ರೀನ್‌ನಿಂದ ಐಸಿಸ್ ಸೇರಲು ಹೋದ ಶಾಲಾ ಹುಡುಗಿಯರ ಪ್ರಕರಣದಲ್ಲೂ ಹುಡುಕಿದೆ. ಮೊದಲು ಸಿಕ್ಕಿದವಳು ಅವರದೇ ಶಾಲೆಯ ಗೆಳತಿ.

ಅವಳು ಅದೇ ಡಿಸೆಂಬರ್‌ನಲ್ಲಿ ಸಿರಿಯಾಕ್ಕೆ ಹೊರಟುಹೋಗಿದ್ದಳು. 2015ರ ಫೆಬ್ರವರಿ 17ರಂದು ಇನ್ನೂ ಮೂವರು ಗ್ಯಾಟ್‌ವಿಕ್‌ನಿಂದ ಇಸ್ತಾಂಬುಲ್ ವಿಮಾನ ಹತ್ತಿದರು. ಇಬ್ಬರಿಗೆ 15, ಒಬ್ಬಳಿಗೆ 16. ಎರಡು ದಿನ ಮುಂಚೆ, ಅವರಲ್ಲೊಬ್ಬಳಾದ ಶಮೀಮಾ ಬೇಗಂ ಹೆಸರಿನ ಖಾತೆಯಿಂದ ಅಕ್ಸಾ ಮಹಮೂದ್‌ಗೆ ಟ್ವಿಟರ್ ಸಂದೇಶ ಹೋಗಿದೆ. ಅಕ್ಸಾ 2013ರಲ್ಲೇ ಗ್ಲಾಸ್ಗೋದಿಂದ ಸಿರಿಯಾಕ್ಕೆ ಐಸಿಸ್ ಸೇರಲು ಹೋದವಳು. ಗಡಿ ದಾಟಿ ಅಪ್ಪ ಅಮ್ಮನಿಗೆ ಮಾಡುವ ಮೊದಲ ಫೋನು ಎಷ್ಟು ಕಷ್ಟದ್ದು ಎಂದು ಟಂಬ್ಲರ್‌ನಲ್ಲಿ ಅಕ್ಕನಂತೆ ಬರೆದಿದ್ದಳು. ಹಾಗೆ ಬರೆಯುವವಳನ್ನು ಯಾವ ಹುಡುಗಿ ತಾನೇ ಭಯೋತ್ಪಾದಕಿ ಎಂದುಕೊಳ್ಳುತ್ತಾಳೆ?

ಒಬ್ಬಳ ಕೋಣೆಯಲ್ಲಿ ಸಿಕ್ಕ ಕೈಬರಹದ ಪಟ್ಟಿಯಲ್ಲಿ ಫೋನು, ಒಳಉಡುಪು, ಬೂಟು, ಮೈಕೂದಲು ತೆಗೆಯುವ ಯಂತ್ರ, ಸಾವಿರ ಪೌಂಡ್ ದಾಟುವ ಟಿಕೆಟ್‌ಗಳಿವೆ. ಯುದ್ಧದ ಸುಳಿವೇ ಇಲ್ಲ. ಗಂಡನ ಮನೆಗೆ ಹೊರಟವಳ ಪಟ್ಟಿಯಂತಿದೆ. ಸಿರಿಯಾದಲ್ಲಿ ಐಸಿಸ್ ಹಿಡಿತದಲ್ಲಿದ್ದ ರಕ್ಕಾ ಸೇರಿದ ಕೆಲವೇ ದಿನಗಳಲ್ಲಿ ಶಮೀಮಾಳ ಮದುವೆಯೂ ಆಯಿತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಕಾಗದ. ಮೊದಲು ಹೋದ ಗೆಳತಿಯ ವಿಷಯದಲ್ಲಿ ನಿಮ್ಮ ಮಗಳ ಹೇಳಿಕೆ ಪಡೆಯಲು ಒಪ್ಪಿಗೆ ಕೊಡಿ ಎಂದು ಪೊಲೀಸರು ಪೋಷಕರಿಗೆ ಬರೆದ ಪತ್ರ ಅದು. ಕೊಟ್ಟದ್ದು ಮಾತ್ರ ಹುಡುಗಿಯರ ಕೈಗೆ! ಮಕ್ಕಳು ಹೋದ ಮೇಲೆ ಮನೆಯವರಿಗೆ ಅದು ಪಠ್ಯಪುಸ್ತಕಗಳ ನಡುವೆ ಸಿಕ್ಕಿತು. ಮಾರ್ಚ್‌ನಲ್ಲಿ ಪೊಲೀಸ್ ಕಮಿಷನರ್ ಬರ್ನಾರ್ಡ್ ಹೋಗನ್-ಹೌ ಸಂಸದೀಯ ಸಮಿತಿಯೆದುರು ಕ್ಷಮೆ ಕೇಳಿದರು.

2019ರಲ್ಲಿ ಶಮೀಮಾಳ ಬ್ರಿಟಿಷ್ ಪೌರತ್ವ ರದ್ದಾಯಿತು. ಅವಳನ್ನು ಲೈಂಗಿಕ ಶೋಷಣೆಗಾಗಿ ಸಾಗಿಸಲಾಗಿತ್ತೆಂಬ ಅನುಮಾನ ನಂಬಲರ್ಹ ಎಂದು 2023ರ ಫೆಬ್ರವರಿಯಲ್ಲಿ ವಿಶೇಷ ವಲಸೆ ಮೇಲ್ಮನವಿ ಆಯೋಗ ಒಪ್ಪಿತು. ಅದೇ ತೀರ್ಪಿನಲ್ಲಿ ಪೌರತ್ವ ರದ್ದತಿಯ ವಿರುದ್ಧ ಅವಳು ಸಲ್ಲಿಸಿದ್ದ ಮೇಲ್ಮನವಿಯನ್ನೂ ವಜಾ ಮಾಡಿತು. ಅವಳು ತಪ್ಪು ಮಾಡಿದ್ದರೆ ಕಟಕಟೆ ಲಂಡನ್ನಿನಲ್ಲೇ ಇತ್ತು. ಕರೆಸಿ ವಿಚಾರಣೆ ನಡೆಸಬೇಕಿತ್ತು.