ಹಸಿರು ಬಟ್ಟೆ ಚರ್ಚಿಗೆ ಬಂದ ದಾರಿ

ಊರ ಚರ್ಚಿನ ಯೂಟ್ಯೂಬ್ ವಿಡಿಯೋದಲ್ಲಿ ಫಾದರ್ ಹಿಂದೆ ಜೆರುಸಲೇಮ್ ಪಟ್ಟಣ ಕಾಣುತ್ತದೆ. ನಿಜಕ್ಕೂ ಅಲ್ಲಿರುವುದು ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟ ಹಸಿರು ಬಟ್ಟೆ. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಆಟ ಎಂದುಕೊಂಡವರೇ ಹೆಚ್ಚು. ಆದರೆ ಈ ಕೈಚಳಕಕ್ಕೆ ನೂರಿಪ್ಪತ್ತು ವರ್ಷ ದಾಟಿದೆ.

ಮೊದಲು ಬಂದದ್ದು ಕಪ್ಪು ಪರದೆ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1898ರಲ್ಲೇ ತನ್ನ ತಲೆ ತೆಗೆದು ಮೇಜಿನ ಮೇಲಿಟ್ಟಂತೆ ತೋರಿಸಿದ. ಕಪ್ಪು ಇದ್ದ ಕಡೆ ಫಿಲ್ಮಿಗೆ ಬೆಳಕು ಬೀಳುವುದಿಲ್ಲ. ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಖಾಲಿ ಉಳಿದ ಜಾಗದಲ್ಲಿ ಇನ್ನೊಂದು ಚಿತ್ರ ತೆಗೆದ.

ಯೇಸುವಿನ ಕಥೆಯೂ ಸಿನಿಮಾದ ಶುರುವಿನಿಂದಲೇ ತೆರೆಯ ಮೇಲಿದೆ. ನಮ್ಮ ದಾದಾಸಾಹೇಬ್ ಫಾಲ್ಕೆ ಮುಂಬೈಯಲ್ಲಿ ಕ್ರಿಸ್ತನ ಚಿತ್ರ ನೋಡಿ, ರಾಮ ಕೃಷ್ಣರನ್ನೂ ಹೀಗೇ ತೋರಿಸಬೇಕು ಎಂದು ಹೊರಟವರು. 1913ರಲ್ಲಿ 'ರಾಜಾ ಹರಿಶ್ಚಂದ್ರ' ಬಂತು.

ಬಣ್ಣದ ಸಿನಿಮಾ ಬಂದಾಗ ಪರದೆ ನೀಲಿಯಾಯಿತು. 1940ರ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ಲ್ಯಾರಿ ಬಟ್ಲರ್ ಅದನ್ನು ಬಳಸಿ ಆಸ್ಕರ್ ಪಡೆದರು. ಆ ಚಿತ್ರದಲ್ಲಿ ಬೆಟ್ಟದಂಥ ಭೂತದ ಮುಂದೆ ನಿಂತ ಹುಡುಗ ಸಾಬು ನಮ್ಮವನೇ. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ.

ಆದರೂ ಆಗ ಮನುಷ್ಯರ ಸುತ್ತ ನೀಲಿ ಗೆರೆ ಉಳಿಯುತ್ತಿತ್ತು, ಕೂದಲು, ಹೊಗೆ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಬಗೆಹರಿಸಿದವರು ಪೆಟ್ರೋ ವ್ಲಾಹೋಸ್, 1959ರ 'ಬೆನ್‌ಹರ್' ಚಿತ್ರಕ್ಕಾಗಿ. ಅದೂ ಕ್ರಿಸ್ತನ ಕಾಲದ ಕಥೆಯೇ. ಇಂದು ಎಡಿಟಿಂಗ್ ಆ್ಯಪ್‌ನಲ್ಲಿ 'ಕ್ರೋಮಾ ಕೀ' ಎಂದು ಒತ್ತುವ ಬಟನ್‌ನ ಬೇರು ಅಲ್ಲಿದೆ.

ನೀಲಿ ಹೋಗಿ ಹಸಿರು ಯಾಕೆ ಬಂತು? ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ, ಕ್ಯಾಮೆರಾ ಸೆನ್ಸರಿನ ಪ್ರತಿ ನಾಲ್ಕು ಚುಕ್ಕಿಗಳಲ್ಲಿ ಎರಡು ಹಸಿರನ್ನು ಹಿಡಿಯುತ್ತವೆ, ಕೆಂಪಿಗೆ ಒಂದು, ನೀಲಿಗೆ ಒಂದು. ನಿಮ್ಮ ಕೈಲಿರುವ ಫೋನಿನ ಕ್ಯಾಮೆರಾ ಕೂಡ ಇದೇ ದಾರಿಯದು. ಹಾಗಾಗಿ ಹಸಿರು ಸ್ಪಷ್ಟವಾಗಿ ಸಿಗುತ್ತದೆ, ಲೈಟೂ ಕಡಿಮೆ ಸಾಕು. ಬಡ ಚರ್ಚಿಗೆ ಇದೇ ದೊಡ್ಡ ಉಳಿತಾಯ.

2012ರಲ್ಲಿ ಶುರುವಾದ ಒಬಿಎಸ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿತ್ತು. ಏಪ್ರಿಲ್ 12ರ ಈಸ್ಟರ್ ಹಬ್ಬಕ್ಕೆ ಚರ್ಚುಗಳ ಬಾಗಿಲು ಮುಚ್ಚಿತ್ತು. ಪೂಜೆ ಫೋನಿಗೆ ಬಂತು, ಹಸಿರು ಬಟ್ಟೆಗೂ ಚರ್ಚಿನಲ್ಲಿ ಕೆಲಸ ಬಂತು.

ಚರ್ಚಿನಲ್ಲಿ ಇದಕ್ಕೊಂದು ವಿಚಿತ್ರ ತೊಡಕಿದೆ. ಕಥೊಲಿಕರ ಸಾಧಾರಣ ಕಾಲದ ಭಾನುವಾರಗಳಲ್ಲಿ ಗುರುಗಳ ಪೂಜಾವಸ್ತ್ರವೇ ಹಸಿರು. ಹಸಿರು ಪರದೆ ಮುಂದೆ ನಿಂತರೆ ತಲೆ, ಕೈ ಮಾತ್ರ ತೇಲುತ್ತವೆ. ಗರಿಗಳ ಭಾನುವಾರ ಕೈಲಿರುವ ಗರಿಯೂ ಮಾಯ. ಅಂಥ ದಿನ ಹಳೇ ನೀಲಿಗೇ ಮರಳಬೇಕು. ಬಟ್ಟೆಗೆ ಸುಕ್ಕಿರಬಾರದು. ಅದರ ಮೇಲೆ ಬೆಳಕು ಒಂದೇ ಸಮ ಬೀಳಬೇಕು. ಮಾತಾಡುವವರು ಐದಾರು ಅಡಿ ಮುಂದೆ ನಿಂತರೆ ಹಸಿರು ಛಾಯೆ ಮೈಗೆ ಹತ್ತುವುದಿಲ್ಲ. ಇದಕ್ಕೆಲ್ಲ ದುಡ್ಡಿಗಿಂತ ತಾಳ್ಮೆ ಮುಖ್ಯ.

ಮೆಲಿಯೆಸ್ ತಲೆ ತೆಗೆದಿಟ್ಟಾಗ ಅದು ಜಾದೂ ಎಂದು ನೋಡುವವರಿಗೆ ಗೊತ್ತಿತ್ತು. ಸಾಬು ಮುಂದೆ ಭೂತ ನಿಂತಾಗಲೂ ಗೊತ್ತಿತ್ತು. ಇಂದು ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ನೋಡುವ ಅಜ್ಜಿಗೆ ಅದು ಗೊತ್ತಿರಬೇಕೆಂದೇನಿಲ್ಲ. ಬೈಬಲ್ ಕಥೆ ಹೇಳುವಾಗ ಹಿಂದೆ ಗಲಿಲೇಯದ ಸರೋವರ ಹಾಕಿದರೆ ಅದು ನಾಟಕದ ಪರದೆ ಇದ್ದಂತೆ, ತಪ್ಪೇನಿಲ್ಲ. ಸೇರದ ಜನರನ್ನು ಸೇರಿಸಿ ತೋರಿಸಿದರೆ, ಹೋಗದ ಊರಿಗೆ ಹೋದಂತೆ ತೋರಿಸಿ ಕಾಣಿಕೆ ಕೇಳಿದರೆ ಅದು ಮೋಸ. ಯಾವ ಧರ್ಮದ ವಿಡಿಯೋಗೂ, ನಮ್ಮಂಥ ಸುದ್ದಿಯವರಿಗೂ ಇದೇ ಮಾತು ಅನ್ವಯಿಸುತ್ತದೆ.

ಕೆಳಗೆ 'ಹಿನ್ನೆಲೆ ಚಿತ್ರ ಮಾತ್ರ' ಎಂದು ಕನ್ನಡದಲ್ಲಿ ಒಂದು ಸಾಲು ಹಾಕಿ. ಅದಕ್ಕೆ ಖರ್ಚೇನೂ ಇಲ್ಲ.