ಕರಣಗಳು ಕೈಗಳಾದ ಬಗೆ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಸೀಮೆಯ ಭಕ್ತನು ಬೆಳಗಿನ ಜಾವದಲ್ಲಿ ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟು ದೃಷ್ಟಿಯನ್ನು ನಿಲ್ಲಿಸುವಾಗ ಅವನ ದೇಹದಲ್ಲಿ ಏನೇನು ನಡೆಯುವುದೆಂಬುದನ್ನು ಗಮನಿಸಬೇಕು. ಅಂಗೈಗೆ ಲಿಂಗದ ಭಾರವೂ ತಂಪೂ ತಿಳಿಯುವುವು. ಕಣ್ಣಿಗೆ ಅದರ ಕರಿಯ ಹೊಳಪು, ಮೂಗಿಗೆ ಪತ್ರೆಪುಷ್ಪಗಳ ಕಂಪು, ಕಿವಿಗೆ ತನ್ನದೇ ಬಾಯಿಂದ ಹೊರಟ ಪಂಚಾಕ್ಷರಿ. ಕಡೆಗೆ ನಾಲಗೆಗೆ ಪಾದೋದಕ ಪ್ರಸಾದಗಳ ರುಚಿ. ಐದು ಇಂದ್ರಿಯಗಳಲ್ಲಿ ಒಂದನ್ನಾದರೂ ಈ ಪೂಜೆಯು ಹೊರಗೆ ನಿಲ್ಲಿಸಿಲ್ಲ.

ಈ ಏರ್ಪಾಡು ಆಕಸ್ಮಿಕವಾದುದಲ್ಲ. ನಮ್ಮ ದೇಶದ ಪ್ರಾಚೀನ ಗ್ರಂಥಗಳಲ್ಲಿ ಇಂದ್ರಿಯಗಳು ಬಹುಮಟ್ಟಿಗೆ ಅಂಕೆಯಲ್ಲಿಡತಕ್ಕವುಗಳು. ಕಠೋಪನಿಷತ್ತು ದೇಹವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಕಡಿವಾಣಕ್ಕೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿದೆ. ಅಲ್ಲಿ ವಿಚಾರಮಾಡುವ ಬುದ್ಧಿಯು ಮೇಲೆ ಕುಳಿತು ನಡೆಸುವುದು; ಇಂದ್ರಿಯಗಳು ಕೆಳಗೆ ಓಡುವುವು. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶರಣರು ಇಂದ್ರಿಯಗಳ ಚಾಪಲ್ಯವನ್ನು ಅರಿಯದವರಲ್ಲ. ಅದನ್ನು ಕುರಿತು ಅವರು ಮರುಗಿದ ಮಾತುಗಳು ಬೇಕಾದಷ್ಟಿವೆ. ಆದರೂ ಅವರು ಹಿಡಿದ ದಾರಿ ಬೇರೆ.

ಕಾರಣವನ್ನು ತಿಳಿಯಬೇಕಾದರೆ ಅಲ್ಲಿ ಕೂಡಿದವರ ಕೈಗಳನ್ನು ನೋಡಬೇಕು. ಮಡಿವಾಳ ಮಾಚಯ್ಯನವರು ಬಟ್ಟೆಯನ್ನು ಒಗೆದವರು. ಅಂಬಿಗರ ಚೌಡಯ್ಯನವರು ಹೊಳೆಯಲ್ಲಿ ಜನರನ್ನು ದಾಟಿಸಿದವರು. ನುಲಿಯ ಚಂದಯ್ಯನವರು ಹುಲ್ಲನ್ನು ಹೊಸೆದು ಹಗ್ಗಮಾಡಿದವರು. ಆಯ್ದಕ್ಕಿಯ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದವರು. ಕದಿರ ರೆಮ್ಮವ್ವೆಯವರು ತತ್ತ್ವವನ್ನು ಹೇಳಹೊರಟಾಗ ತಾವು ತಿರುಗಿಸುತ್ತಿದ್ದ ರಾಟೆಯ ಅಂಗಾಂಗಗಳೇ ದೇವತೆಗಳಾಗಿ ನಿಂತವು. ಇದನ್ನು ಕೇವಲ ಉಪಮಾಲಂಕಾರವೆಂದು ಎಣಿಸುವುದು ವಿದ್ವಾಂಸರ ವಾಡಿಕೆ. ಆದರೆ ಅದು ಸಾಲದು. ಮೊದಲು ತತ್ತ್ವವನ್ನು ಕಲಿತು ಆಮೇಲೆ ಹೋಲಿಕೆಯನ್ನು ಹುಡುಕಿದವರ ಮಾತಿನ ಧಾಟಿ ಹೀಗಿರುವುದಿಲ್ಲ. ದಿನವೆಲ್ಲ ನೂಲಿನ ಬಿಗಿಯನ್ನು ಬೆರಳಿನಿಂದಲೇ ಅಳೆದವರಿಗೆ ಮನಸ್ಸಿನ ಬಿಗಿಯೂ ಆ ಬೆರಳಿನಿಂದಲೇ ತಿಳಿಯಿತು. ಸಂಸ್ಕೃತವನ್ನು ಓದಲು ಅವಕಾಶವಿಲ್ಲದ ಸ್ತ್ರೀಯರೂ ಕಾಯಕದವರೂ ತತ್ತ್ವವನ್ನು ನುಡಿಯಲು ಅಧಿಕಾರಿಗಳಾದುದು ಈ ದಾರಿಯಿಂದಲೇ; ಅರಿವಿಗೆ ದೇಹವೇ ಸಾಧನವಾದಲ್ಲಿ ಅದು ಯಾರಿಗೆ ತಾನೆ ಇಲ್ಲ?

ಈ ಅನುಭವಕ್ಕೆ ಶಾಸ್ತ್ರದ ರೂಪವು ಷಟ್‌ಸ್ಥಲದಲ್ಲಿ ದೊರೆಯಿತು. ಚನ್ನಬಸವಣ್ಣನವರ ಹೆಸರಿನಲ್ಲಿರುವ ‘ಕರಣಹಸುಗೆ’ಯು ದೇಹದ ತತ್ತ್ವಗಳನ್ನು ವಿಂಗಡಿಸಿ ಹೇಳುವ ಗ್ರಂಥ. ಷಟ್‌ಸ್ಥಲದ ಸಂಪ್ರದಾಯದಲ್ಲಿ ಘ್ರಾಣವು ಆಚಾರಲಿಂಗಕ್ಕೆ ಮುಖ. ಜಿಹ್ವೆಯು ಗುರುಲಿಂಗಕ್ಕೆ, ನೇತ್ರವು ಶಿವಲಿಂಗಕ್ಕೆ, ತ್ವಕ್ಕು ಜಂಗಮಲಿಂಗಕ್ಕೆ, ಶ್ರೋತ್ರವು ಪ್ರಸಾದಲಿಂಗಕ್ಕೆ, ಹೃದಯವು ಮಹಾಲಿಂಗಕ್ಕೆ. ಗಂಧ, ರಸ, ರೂಪ, ಸ್ಪರ್ಶ, ಶಬ್ದಗಳೂ ಆರನೆಯದಾಗಿ ತೃಪ್ತಿಯೂ ಅರ್ಪಿತವಾಗತಕ್ಕ ಪದಾರ್ಥಗಳು. ಇವುಗಳನ್ನು ಎತ್ತಿ ಅರ್ಪಿಸುವ ಕೈಗಳಾವುವು? ಸುಚಿತ್ತ, ಸುಬುದ್ಧಿ, ನಿರಹಂಕಾರ, ಸುಮನ, ಸುಜ್ಞಾನ, ಸದ್ಭಾವ. ಇವುಗಳಿಗೆ ‘ಹಸ್ತ’ಗಳೆಂದೇ ಹೆಸರು. ಚಿತ್ತವನ್ನೂ ಬುದ್ಧಿಯನ್ನೂ ಮನಸ್ಸನ್ನೂ ಕೈಗಳೆಂದು ಕರೆದುದರ ಮೇಲೆ ಎಷ್ಟು ಹೊತ್ತು ನಿಂತರೂ ಸಾರ್ಥಕವೇ. ಸಾರಥಿಯು ರಥದ ಮೇಲಿಂದ ಇಳಿದು ಕೈಯಾದನು. ಇಂದ್ರಿಯಗಳನ್ನು ಮುಚ್ಚಿ ಯೋಚಿಸುವುದಲ್ಲ. ಬಂದುದನ್ನು ಹಿಡಿಯುವುದು, ತೂಗುವುದು, ನೀಡುವುದು, ಇದೇ ಯೋಚನೆಯೆಂದಾಯಿತು.

ಹೀಗೆಂದು ದೇಹವನ್ನೇ ಗಟ್ಟಿಮಾಡಿಕೊಳ್ಳುವುದೂ ಅವರ ಗುರಿಯಲ್ಲ. ಇಮ್ಮಡಿ ಪ್ರೌಢದೇವರಾಯನ ಕಾಲದಲ್ಲಿ (1424–1446) ಚಾಮರಸನು ರಚಿಸಿದ ‘ಪ್ರಭುಲಿಂಗಲೀಲೆ’ಯಲ್ಲಿ ಬರುವ ಗೋರಕ್ಷನ ಪ್ರಸಂಗವು ಭಕ್ತರಿಗೆ ತಿಳಿದುದೇ. ವಜ್ರಕಾಯನಾದ ಗೋರಕ್ಷನ ಮೈಗೆ ಕತ್ತಿಯು ತಾಗಿ ಖಣಿಲೆಂದಿತು. ಅಲ್ಲಮಪ್ರಭುವಿನ ಮೈಯಲ್ಲಿ ಅದೇ ಕತ್ತಿಯು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಗೋರಕ್ಷನು ಸಾವನ್ನು ತಡೆಯುವ ಮೈಯನ್ನು ಪಡೆದಿದ್ದನು. ‘ನಾನು’ ಎಂಬುದು ಆ ಮೈಯೊಡನೆಯೇ ಗಟ್ಟಿಯಾಯಿತು.

ಪಾಶ್ಚಾತ್ಯರಲ್ಲಿ ಜಾನ್ ಲಾಕನು 1690ರಲ್ಲಿಯೇ ಜ್ಞಾನದ ಮೂಲವನ್ನು ಅನುಭವದಲ್ಲಿ ಹುಡುಕಿದನು. ಫ್ರಾನ್ಸಿನ ಮೆರ್ಲೊ-ಪಾಂಟಿಯು 1945ರಲ್ಲಿ ಕುರುಡನ ಕೈಗೋಲನ್ನು ಎತ್ತಿಕೊಂಡು, ಅಭ್ಯಾಸವಾದ ಕೋಲು ಅವನಿಗೆ ಹೊರಗಿನ ವಸ್ತುವಾಗಿರದೆ ಮೈಯ ಭಾಗವೇ ಆಗುವುದೆಂದು ತೋರಿಸಿದನು. ಇವೆಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಬೀಗುವುದು ಸಲ್ಲದು. ಅವರ ಪ್ರಶ್ನೆ ಅರಿವು ಹೇಗೆ ಹುಟ್ಟುವುದೆಂಬುದು. ಶರಣರ ಪ್ರಶ್ನೆ ಅರಿತುದನ್ನು ಯಾರಿಗೆ ಒಪ್ಪಿಸಬೇಕೆಂಬುದು.

15ನೆಯ ಶತಮಾನದಲ್ಲಿ ಮಗ್ಗೆಯ ಮಾಯಿದೇವರು ಸಂಸ್ಕೃತದ ‘ಅನುಭವಸೂತ್ರ’ದಲ್ಲಿ ಷಟ್‌ಸ್ಥಲವನ್ನು ಕ್ರಮಪಡಿಸಿದರು. ಎಡೆಯೂರಿನ ತೋಂಟದ ಸಿದ್ಧಲಿಂಗಯತಿಗಳು ‘ಷಟ್‌ಸ್ಥಲ ಜ್ಞಾನಸಾರಾಮೃತ’ದ 701 ವಚನಗಳಲ್ಲಿ ಆ ತತ್ತ್ವವನ್ನು ಮತ್ತೆ ಕನ್ನಡದಲ್ಲಿ ನುಡಿದರು. ಇದರಿಂದ ಸಂಪ್ರದಾಯವು ಉಳಿಯಿತು, ನಿಜ. ಆದರೆ ಆರಾರರ ಪಟ್ಟಿಗಳನ್ನು ಬಾಯಿಪಾಠಮಾಡುವವರು ಹೆಚ್ಚಿದಂತೆ ಹಗ್ಗ, ಹರಿಗೋಲು, ರಾಟೆಗಳ ಮಾತು ಹಿಂದೆ ಸರಿಯಿತೆಂಬುದನ್ನೂ ಮರೆಮಾಡಬಾರದು. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಅಚ್ಚಾದ ಮೇಲೆಯೇ ಕಾಯಕದ ಆ ದನಿಗಳು ಸಾಮಾನ್ಯ ಓದುಗರಿಗೆ ಹೆಚ್ಚಾಗಿ ಕೇಳಿಸತೊಡಗಿದವು.

ಆ ದನಿಗಳಲ್ಲಿ ನುಲಿಯ ಚಂದಯ್ಯನವರದೂ ಒಂದು. ಕೆರೆಯಲ್ಲಿ ಹುಲ್ಲನ್ನು ಕೊಯ್ಯುತ್ತಿರುವಾಗ ಅವರ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತೆಂದೂ, ಅವರು ತಿರುಗಿಯೂ ನೋಡದೆ ಹುಲ್ಲಿನ ಹೊರೆಯೊಡನೆ ನಡೆದರೆಂದೂ ಶೂನ್ಯಸಂಪಾದನೆಯು ಹೇಳುತ್ತದೆ. ಲಿಂಗವೇ ಬೆನ್ನುಹತ್ತಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಬಹಳವಾಗಿ ವಾದಿಸಿದ ಮೇಲೆಯೇ ಹುಲ್ಲು ಹೊಸೆಯುವ ಆ ಕೈಯು ಲಿಂಗಕ್ಕೆ ಮತ್ತೆ ಎಡೆಗೊಟ್ಟಿತು.