ಒಂದು ಚಿತ್ರದ ಮೂರು ಪಾಠಗಳು

ಹಳೆಯ ಗ್ರಂಥವೊಂದು ಅಚ್ಚಾಗಿ ಕೈಸೇರಿದಾಗ ವಿದ್ವಾಂಸರು ಮೊದಲು ನೋಡುವುದು ಕಾಗದದ ನುಣುಪನ್ನಲ್ಲ. ಸಂಪಾದಕನು ಯಾವ ಪ್ರತಿಗಳನ್ನು ಅವಲಂಬಿಸಿದನು, ಪಾಠಾಂತರಗಳನ್ನು ಕೊಟ್ಟಿರುವನೋ ಮುಚ್ಚಿರುವನೋ, ತಾನು ತಿದ್ದಿದ ಎಡೆಗಳನ್ನು ತಿಳಿಸಿರುವನೋ ಇಲ್ಲವೋ ಎಂಬುದನ್ನೇ ಅವರು ವಿಚಾರಿಸುವರು. ಹಳೆಯ ಚಲಚ್ಚಿತ್ರಗಳು ಡಿವಿಡಿ, ಬ್ಲೂ-ರೇ ಎಂಬ ತಟ್ಟೆಗಳಾಗಿ ಮನೆಮನೆಗೆ ಬಂದಿರುವುದರಿಂದ, ಅವುಗಳ ಗುಣದೋಷ ವಿಮರ್ಶೆಗೂ ಇದೇ ಅಳತೆಗೋಲು ಸಲ್ಲತಕ್ಕದ್ದೆಂದು ನಮಗೆ ತೋರುತ್ತದೆ. ಚಿತ್ರವು ನಿರ್ಮಲವಾಗಿ ಕಾಣುವುದೇ, ಧ್ವನಿಯು ಸ್ಫುಟವಾಗಿರುವುದೇ ಎಂಬ ಪ್ರಶ್ನೆಗಳು ಅನಂತರದವು. ಆರ್ಸನ್ ವೆಲ್ಸ್ ನಿರ್ದೇಶಿಸಿದ ‘ಟಚ್ ಆಫ್ ಈವಿಲ್’ ಎಂಬ ಅಮೆರಿಕದ ಪಾತಕಕಥೆಯ ಚಿತ್ರವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಕಥೆಯು ನಡೆಯುವುದು ಮೆಕ್ಸಿಕೋ ಅಮೆರಿಕಗಳ ಗಡಿಯಲ್ಲಿರುವ ಊರೊಂದರಲ್ಲಿ. ಕಾರಿನಲ್ಲಿ ಇರಿಸಿದ ಬಾಂಬು ಸಿಡಿದು ಧನಿಕನೊಬ್ಬನು ಸಾಯುತ್ತಾನೆ. ತನಿಖೆಗೆ ಬಂದ ಪೋಲೀಸು ಅಧಿಕಾರಿ ಹ್ಯಾಂಕ್ ಕ್ವಿನ್ಲನ್‌ನ ಪಾತ್ರವನ್ನು ವೆಲ್ಸನೇ ಧರಿಸಿದ್ದಾನೆ. ಈತನು ತಾನು ಅಪರಾಧಿಯೆಂದು ಊಹಿಸಿದ ತರುಣನ ಮೇಲೆ ಸುಳ್ಳು ಸಾಕ್ಷ್ಯವನ್ನು ಹೂಡಿ ಅವನನ್ನು ಹಿಡಿಯುತ್ತಾನೆ. ಮೆಕ್ಸಿಕೋದ ಅಧಿಕಾರಿಯಾದ ವಾರ್ಗಾಸನು ಈ ಕಪಟವನ್ನು ಬಯಲಿಗೆಳೆಯುತ್ತಾನೆ. ಆದರೆ ಆರೋಪಿಯು ತಪ್ಪೊಪ್ಪಿಕೊಂಡನೆಂಬ ವಾರ್ತೆ ಕೊನೆಯಲ್ಲಿ ಬರುತ್ತದೆ. ಕ್ವಿನ್ಲನನ ಊಹೆ ನಿಜವಾಗಿತ್ತು. ಸಾಕ್ಷ್ಯ ಮಾತ್ರ ಸುಳ್ಳಾಗಿತ್ತು.

ಈ ಚಿತ್ರದ ಚರಿತ್ರೆಯೂ ಕಥೆಯಷ್ಟೇ ತೊಡಕಾದುದು. ಯೂನಿವರ್ಸಲ್ ಸಂಸ್ಥೆಗಾಗಿ ವೆಲ್ಸನು ೧೯೫೭ರಲ್ಲಿ ಇದನ್ನು ಚಿತ್ರೀಕರಿಸಿದನು. ಅದೇ ವರ್ಷ ಸಂಕಲನದ ಕಾರ್ಯವು ಅವನ ಕೈತಪ್ಪಿತು. ಸಂಸ್ಥೆಯವರು ನವೆಂಬರಿನಲ್ಲಿ ಹ್ಯಾರಿ ಕೆಲರ್ ಎಂಬ ಬೇರೊಬ್ಬ ನಿರ್ದೇಶಕನಿಂದ ಕೆಲವು ದೃಶ್ಯಗಳನ್ನು ತೆಗೆಯಿಸಿ ಸೇರಿಸಿದರು. ಹೀಗೆ ಸಿದ್ಧವಾದ ಪ್ರತಿಯನ್ನು ನೋಡಿದ ವೆಲ್ಸನು ಡಿಸೆಂಬರ್ ೫ರಂದು ಸಂಸ್ಥೆಯ ಮುಖ್ಯಸ್ಥನಿಗೆ ೫೮ ಪುಟಗಳ ಪತ್ರವನ್ನು ಬರೆದು, ಎಲ್ಲೆಲ್ಲಿ ಏನೇನು ತಿದ್ದಬೇಕೆಂಬುದನ್ನು ವಿವರಿಸಿದನು. ಆ ಸೂಚನೆಗಳಲ್ಲಿ ಬಹುಪಾಲು ಫಲಿಸಲಿಲ್ಲ. ೧೯೫೮ರಲ್ಲಿ ಚಿತ್ರವು ಸುಮಾರು ೯೫ ನಿಮಿಷಗಳ ರೂಪದಲ್ಲಿ, ಮತ್ತೊಂದು ಚಿತ್ರದ ಬಾಲವಾಗಿ, ಬಿಡುಗಡೆಯಾಯಿತು.

೧೯೭೦ರ ದಶಕದಲ್ಲಿ ಸಂಸ್ಥೆಯ ಭಂಡಾರದಿಂದ ಸುಮಾರು ೧೦೮ ನಿಮಿಷಗಳ ಪ್ರತಿಯೊಂದು ಹೊರಬಿದ್ದಿತು. ಅದು ಬಿಡುಗಡೆಗೆ ಮುಂಚೆ ಪ್ರೇಕ್ಷಕರ ಮುಂದೆ ಪರೀಕ್ಷಾರ್ಥವಾಗಿ ತೋರಿಸಿದ ಪ್ರತಿ. ಉದ್ದವಾದುದೇ ಮೂಲವೆಂದು ಭಾವಿಸುವುದು ಸುಲಭ. ಆದರೆ ಅದರಲ್ಲಿ ವೆಲ್ಸನ ದೃಶ್ಯಗಳು ಹೆಚ್ಚಿರುವಂತೆಯೇ ಕೆಲರನ ದೃಶ್ಯಗಳೂ ಹೆಚ್ಚಾಗಿವೆ. ಪ್ರಕ್ಷಿಪ್ತಗಳಿಂದ ಬೆಳೆದ ಓಲೆಯ ಪ್ರತಿಗಳನ್ನು ಕಂಡ ನಮ್ಮ ಪಂಡಿತರಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ವೆಲ್ಸನು ೧೯೮೫ರಲ್ಲಿ ತೀರಿಕೊಂಡನು. ೧೯೯೮ರಲ್ಲಿ ರಿಕ್ ಷ್ಮಿಡ್ಲಿನ್ ಮತ್ತು ಸಂಕಲನಕಾರ ವಾಲ್ಟರ್ ಮರ್ಚ್ ಎಂಬವರು ಆ ಪತ್ರವನ್ನೇ ಆಧಾರವಾಗಿಟ್ಟುಕೊಂಡು, ಸುಮಾರು ೫೦ ತಿದ್ದುಪಡಿಗಳನ್ನು ಮಾಡಿ, ೧೧೧ ನಿಮಿಷಗಳ ಮೂರನೆಯ ಪಾಠವನ್ನು ಸಿದ್ಧಪಡಿಸಿದರು. ಇದರ ಪರಿಣಾಮವು ಮೊದಲ ದೃಶ್ಯದಲ್ಲಿಯೇ ಗೋಚರಿಸುವುದು. ಬಾಂಬು ಹೊತ್ತ ಕಾರು ಬೀದಿಗಳಲ್ಲಿ ಸಾಗುವ ಆ ದೃಶ್ಯವು ಎಲ್ಲಿಯೂ ಕಡಿಯದೆ ಮೂರು ನಿಮಿಷಕ್ಕೂ ಮಿಕ್ಕಿ ನಡೆಯುತ್ತದೆ. ೧೯೫೮ರ ಪಾಠದಲ್ಲಿ ಅದರ ಮೇಲೆ ನಟರ ಹೆಸರುಗಳೂ ಹೆನ್ರಿ ಮ್ಯಾನ್ಸಿನಿಯ ವಾದ್ಯಸಂಗೀತವೂ ಹರಡಿಕೊಂಡಿದ್ದವು. ೧೯೯೮ರ ಪಾಠದಲ್ಲಿ ಹೆಸರುಗಳು ಕೊನೆಗೆ ಸರಿದವು. ಸಂಗೀತಕ್ಕೆ ಬದಲಾಗಿ ಕಾರಿನ ರೇಡಿಯೋ, ಪಾನಗೃಹಗಳ ವಾದ್ಯ, ಬೀದಿಯ ಗದ್ದಲ ಕೇಳಿಬಂದವು. ರೇಡಿಯೋ ಸದ್ದು ಹತ್ತಿರವಾದಾಗಲೆಲ್ಲ ಮೃತ್ಯುವೂ ಹತ್ತಿರವಾದಂತೆ ಎದೆ ನಡುಗುವುದು.

ಇಷ್ಟು ಸೊಗಸಾದ ಪಾಠವನ್ನು ‘ವೆಲ್ಸನ ನಿಜವಾದ ಚಿತ್ರ’ವೆಂದು ಕರೆಯಬಹುದೇ? ಕೂಡದೆಂದೇ ನಮ್ಮ ಅಭಿಪ್ರಾಯ. ಅವನು ಆ ಪತ್ರವನ್ನು ಬರೆದುದು ಇತರರು ಕೈಯಾಡಿಸಿದ ಪ್ರತಿಯನ್ನು ಕುರಿತು. ತನಗೆ ಪೂರ್ಣಾಧಿಕಾರವಿದ್ದಿದ್ದರೆ ಏನು ಮಾಡುತ್ತಿದ್ದನೆಂಬುದನ್ನಲ್ಲ, ಆ ಸನ್ನಿವೇಶದಲ್ಲಿ ಏನನ್ನು ಉಳಿಸಿಕೊಳ್ಳಬಹುದೆಂಬುದನ್ನು ಅವನು ಅದರಲ್ಲಿ ಹೇಳಿದ್ದಾನೆ. ಊಹೆಯು ಎಷ್ಟೇ ಸಮಂಜಸವಾಗಿರಲಿ, ಅದನ್ನು ಸಾಕ್ಷ್ಯವೆಂದು ಮುಂದಿಡುವುದು ಕ್ವಿನ್ಲನನ ಮಾರ್ಗ. ಪತ್ರವನ್ನು ಮುಚ್ಚಿಟ್ಟು ತಿದ್ದಿದ ಪಾಠವೊಂದನ್ನೇ ಮಾರುವವನು ಆ ಮಾರ್ಗವನ್ನೇ ಹಿಡಿದಂತಾಗುವುದು.

ಈ ದೃಷ್ಟಿಯಿಂದ ತಟ್ಟೆಗಳನ್ನು ಪರಿಶೀಲಿಸೋಣ. ೨೦೦೦ದ ಡಿವಿಡಿಯಲ್ಲಿ ೧೯೯೮ರ ಪಾಠವೊಂದೇ ಇದ್ದಿತು. ವೆಲ್ಸನ ಪತ್ರವನ್ನು ಅದರೊಡನೆ ಕೊಟ್ಟುದು ಪ್ರಾಮಾಣಿಕತೆಯ ಲಕ್ಷಣವೇ ಸರಿ. ಆದರೆ ಹೋಲಿಸಿ ನೋಡಲು ಹಳೆಯ ಪಾಠಗಳಿಲ್ಲದ ಮೇಲೆ ತಿದ್ದುಪಡಿಯ ಬೆಲೆಯನ್ನು ವಾಚಕನು ಅರಿಯುವುದೆಂತು? ೨೦೦೮ರಲ್ಲಿ, ಚಿತ್ರಕ್ಕೆ ೫೦ ವರ್ಷ ತುಂಬಿದಾಗ, ಎರಡು ತಟ್ಟೆಗಳಲ್ಲಿ ಮೂರು ಪಾಠಗಳನ್ನೂ ಒಟ್ಟಿಗೆ ಪ್ರಕಟಿಸಿ ಈ ಕೊರತೆಯನ್ನು ನೀಗಿಸಿದರು. ೨೦೧೧ರಲ್ಲಿ ಇಂಗ್ಲೆಂಡಿನಲ್ಲಿ ‘ಮಾಸ್ಟರ್ಸ್ ಆಫ್ ಸಿನಿಮಾ’ ಮಾಲೆಯಲ್ಲಿ ಬಂದ ಬ್ಲೂ-ರೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಚಿತ್ರದ ಚೌಕಟ್ಟು ೧.೩೭ರ ಪ್ರಮಾಣದ್ದೋ, ಮೇಲೂ ಕೆಳಗೂ ಕತ್ತರಿಸಿದ ೧.೮೫ರ ಪ್ರಮಾಣದ್ದೋ ಎಂಬುದು ವಿವಾದದ ವಿಷಯ. ಪ್ರಕಾಶಕರು ತಾವೇ ತೀರ್ಪು ಕೊಡದೆ, ೧೯೫೮ರ ಮತ್ತು ೧೯೯೮ರ ಪಾಠಗಳನ್ನು ಎರಡು ಪ್ರಮಾಣಗಳಲ್ಲಿಯೂ ಕೊಟ್ಟರು. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವ ಸಂಪಾದಕನ ವಿನಯವಿದು. ಇವೆರಡು ಮುದ್ರಣಗಳನ್ನು ನಾವು ಉತ್ತಮವೆಂದು ಎಣಿಸುತ್ತೇವೆ.

ಮನೆಯಲ್ಲಿ ಇವನ್ನು ನೋಡುವವರು ಮೊದಲು ೧೯೫೮ರ ಪಾಠವನ್ನೇ ನೋಡುವುದು ಮೇಲು. ಎಷ್ಟೇ ಕುಂದಿದ್ದರೂ, ಲೋಕವು ಈ ಚಿತ್ರವನ್ನು ಮೊದಲು ಕಂಡುದೂ ಮೆಚ್ಚಿದುದೂ ಆ ರೂಪದಲ್ಲಿ. ಬಳಿಕ ವೆಲ್ಸನ ಪತ್ರವನ್ನು ಓದಿ, ಅದನ್ನು ಪಕ್ಕದಲ್ಲಿಟ್ಟುಕೊಂಡು ೧೯೯೮ರ ಪಾಠವನ್ನು ನೋಡಲಿ. ಯಾರ ಕೈ ಎಲ್ಲಿ ಆಡಿದೆಯೆಂಬುದು ಆಗ ತಾನಾಗಿಯೇ ತಿಳಿಯುವುದು.